ಮಾಳಿಗೆಯಿಂದ ಮಾಳಿಗೆಗೆ

ಕಳೆದ ತಿಂಗಳು ಇಲ್ಲಿ ನ್ಯೂರೆಂಬರ್ಗಿನಲ್ಲಿ ಸಹೋದ್ಯೋಗಿಯೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಊಟವಾದ ಮೇಲೆ ಅವರು ಬಿಳಿ ಪರದೆ ಇಳಿಬಿಟ್ಟು, ಇಟಲಿಯ ರಜೆಯ ಸ್ಲೈಡುಗಳನ್ನು ತೋರಿಸಲು ಪ್ರೊಜೆಕ್ಟರ್ ಹಚ್ಚಿದರು. ದೀಪ ಕಾಯುತ್ತಿದ್ದಂತೆ ಒಳಗಿನ ಧೂಳು ಸುಡುವ ಸಣ್ಣ ವಾಸನೆ ಕೋಣೆಯಲ್ಲಿ ಹರಡಿತು. ಮೊದಲ ಚಿತ್ರದಲ್ಲಿ ಸಮುದ್ರವಿತ್ತು, ಎರಡನೆಯದರಲ್ಲಿ ಅವರ ಹೆಂಡತಿ. ಮೂರನೆಯದು ಬರುವಷ್ಟರಲ್ಲಿ ನಾನು ತಲೆನೋವೆಂದು ಹೇಳಿ, ಕೋಟು ಹಾಕಿಕೊಂಡು ಹೊರಗೆ ಬಂದಿದ್ದೆ. ಟ್ರಾಮಿಗೆ ಕಾಯದೆ ಮನೆಯವರೆಗೂ ನಡೆದೆ. ಆ ವಾಸನೆ ನನಗೆ ಡಾರ್ಮ್‌ಸ್ಟಾಟ್‌ನ ಒಂದು ಚಳಿಗಾಲದ್ದು. ಅದರ ವಿಷಯ ನಾನು ಯಾರ ಹತ್ತಿರವೂ ಮಾತಾಡುವುದಿಲ್ಲ. ಬರೆಯಬಹುದೇನೋ ಎಂದು ಈಗ ಅನಿಸುತ್ತಿದೆ.

ಅದು ಎಪ್ಪತ್ತಮೂರರ ಕೊನೆ. ಅರಬ್ ದೇಶಗಳು ಎಣ್ಣೆ ಬಿಗಿಹಿಡಿದಿದ್ದವು. ಕೆಲವು ಭಾನುವಾರ ಜರ್ಮನಿಯಲ್ಲಿ ಕಾರು ರಸ್ತೆಗಿಳಿಸುವಂತಿರಲಿಲ್ಲ. ಜನ ಹೆದ್ದಾರಿಯ ನಟ್ಟನಡುವೆ ಮಕ್ಕಳ ಕೈ ಹಿಡಿದು ತಿರುಗಾಡುತ್ತಿದ್ದರು. ನಾನಾಗ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡುತ್ತಿದ್ದೆ. ಮೂರನೆಯ ಮಹಡಿಯಲ್ಲಿ ನನ್ನ ಕೋಣೆ. ಅದರ ಮೇಲಿನ ಮನೆಯಲ್ಲಿ ಹೆಲ್ಗಾ ಇದ್ದಳು. ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದಳು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು, ಎತ್ತರದವಳು, ಮೆಟ್ಟಿಲಲ್ಲಿ ಎದುರಾದರೆ ದಾರಿ ತುಂಬ ನಿಂತು ಮಾತಾಡುವವಳು.

ನಮ್ಮಿಬ್ಬರನ್ನು ಹತ್ತಿರ ತಂದದ್ದು ನಮ್ಮಪ್ಪ ಕಲಿಸಿದ ಲಿಪಿ. ಅಪ್ಪ ಗುಲಬರ್ಗಾದಲ್ಲಿ ನಿಜಾಮನ ಕಾಲದಿಂದ ವಕೀಲರು. ಆಗ ಕೋರ್ಟಿನ ಕಾಗದವೆಲ್ಲ ಉರ್ದುವಿನಲ್ಲಿ. ನಿಜಾಮ ಹೋದ ಮೇಲೂ ಅವರಿಗೆ ಆ ಭಾಷೆಯ ಮೇಲಿನ ಪ್ರೀತಿ ಹೋಗಲಿಲ್ಲ. ನನ್ನನ್ನು ಕೂರಿಸಿಕೊಂಡು ಅಲಿಫ್, ಬೇ ತಿದ್ದಿಸಿದ್ದರು. ಆ ಚಳಿಗಾಲಕ್ಕೆ ವರ್ಷ ಮುಂಚೆ ಒಂದು ಸಂಜೆ ಹೆಲ್ಗಾ ಯೆಮನ್ ದೇಶದ ನಕ್ಷೆಯೊಂದನ್ನು ಹಿಡಿದುಕೊಂಡು ಮೆಟ್ಟಿಲಿಳಿಯುತ್ತಿದ್ದಳು. ಅದರ ಮೇಲೆ ಉರ್ದುವಿನಂಥದೇ ಅಕ್ಷರದಲ್ಲಿದ್ದ ಊರುಗಳ ಹೆಸರುಗಳನ್ನು ನಾನು ಓದಿದೆ. ಅವಳು ನನ್ನನ್ನು ಮೊದಲ ಸಲ ನೋಡುವಂತೆ ನೋಡಿದಳು.

"ನೀವು ಅರಬ್ಬಿ ಓದುತ್ತೀರಾ?"

"ಅಕ್ಷರ ಓದುತ್ತೇನೆ. ಅರ್ಥ ಕೆಲವು ಕಡೆ ಮಾತ್ರ."

"ನನಗೆ ಎರಡೂ ಬರುವುದಿಲ್ಲ. ಬನ್ನಿ, ಒಳಗೆ ಬನ್ನಿ."

ಹೀಗೆ ಶುರುವಾಗಿ, ಎಪ್ಪತ್ತಮೂರರ ವಸಂತದ ರಜೆಯಲ್ಲಿ ನಾವಿಬ್ಬರೂ ಯೆಮನಿಗೆ ಹೋದೆವು. ನಾನು ಮನೆಗೆ ಹೇಳಲಿಲ್ಲ. ಮದುವೆಯಾಗದ ಮಗಳು ಅರಬ್ ದೇಶದ ಬೆಟ್ಟ ಹತ್ತುತ್ತೇನೆಂದರೆ ಅಪ್ಪ ಏನನ್ನುತ್ತಾರೆ ಎಂದು ಕೇಳಿ ನೋಡುವ ಧೈರ್ಯ ನನಗಿರಲಿಲ್ಲ. ರಜೆಯಲ್ಲೂ ಲ್ಯಾಬಿನಲ್ಲಿ ಕೆಲಸವಿದೆ ಎಂದು ಮುಂಚೆಯೇ ಬರೆದಿಟ್ಟೆ.

ಅಲ್ಲಿನ ಬೆಟ್ಟಗಳಲ್ಲಿ ನನಗೆ ಹೊಸದೆನಿಸಿದ್ದಕ್ಕಿಂತ ಗುರುತಿನದೆನಿಸಿದ್ದೇ ಹೆಚ್ಚು. ಇಳಿಜಾರಿನ ತುಂಬ ಕಲ್ಲಿನ ಒಡ್ಡು ಕಟ್ಟಿದ ಮೆಟ್ಟಿಲು ಹೊಲಗಳು, ಅವುಗಳಲ್ಲಿ ಬೆಳೆಯುವುದು ಜೋಳ. ಮನೆಗಳು ನಾಲ್ಕೈದು ಅಂತಸ್ತಿನವು, ಆದರೆ ಮೇಲೆ ನಮ್ಮ ಊರಿನಂಥದೇ ಮಣ್ಣಿನ ಮಾಳಿಗೆ. ಹೆಂಗಸರು ಸಂಜೆ ಮಾಳಿಗೆಯ ಮೇಲೆ ನಿಂತು ಮಾತಾಡುತ್ತಿದ್ದರು, ಬೆಟ್ಟದಿಂದ ಬೆಟ್ಟಕ್ಕೆ. ದವಾ ಎಂದರೆ ಅಲ್ಲೂ ಔಷಧ. ಮುಸಾಫಿರ್ ಎಂದರೆ ಅಲ್ಲೂ ದಾರಿಹೋಕ. ಹೆಲ್ಗಾ ನನಗೆ ಅಲ್ಲೇ ಒಂದು ಊರಲ್ಲಿ, ಶುಂಠಿ ಹಾಕಿ ಕುದಿಸಿದ ಕಾಫಿ ಸಿಪ್ಪೆಯ ನೀರು ಕುಡಿಯುತ್ತ, "ಇನ್ನು ಮೇಲೆ ನಾವು ನೀವು ಬಿಟ್ಟು ನೀನು ಅನ್ನೋಣ" ಎಂದಳು. ಜರ್ಮನರು ಇದನ್ನು ಹೀಗೆ ಬಾಯಿಬಿಟ್ಟು ಕೊಡುತ್ತಾರೆ, ಕೊಟ್ಟ ಮೇಲೆ ಹಿಂದಕ್ಕೆ ಪಡೆಯುವುದಿಲ್ಲ ಎಂದು ಕೇಳಿದ್ದೆ. ಅಲ್ಲಿಯವರೆಗೆ ಈ ದೇಶದಲ್ಲಿ ನನ್ನನ್ನು ಯಾರೂ ನೀನು ಎಂದಿರಲಿಲ್ಲ.

ನಾವು ಮುಟ್ಟಿದ ಅತಿ ಎತ್ತರದ ಹಳ್ಳಿಯಲ್ಲಿ ಅವಳು ಹಾಸಿಗೆ ಹಿಡಿದಳು. ಜ್ವರ, ರಕ್ತಭೇದಿ. ಎದ್ದು ನಿಲ್ಲಲಾಗುತ್ತಿರಲಿಲ್ಲ. ಊರಿನ ಗಂಡಸರು ಯಾವುದೋ ಜಗಳದ ಪಂಚಾಯಿತಿಗೆಂದು ದೂರದ ಕಣಿವೆಗೆ ಹೋಗಿದ್ದರು, ಉಳಿದವರು ನಡೆಯಲಾರದ ಮುದುಕರು. ಅಲ್ಲಿನ ಹೆಂಗಸರು ಮನೆಯ ಗಂಡಸಿಲ್ಲದೆ ಪೇಟೆಗೆ ಇಳಿಯುವಂತಿರಲಿಲ್ಲ. ನನಗೆ ಆ ಕಟ್ಟುಪಾಡು ಇರಲಿಲ್ಲ. ಆಸ್ಪತ್ರೆಯಿದ್ದ ಪೇಟೆ ಎರಡು ಕಣಿವೆಗಳ ಆಚೆ ಇತ್ತು. ಮನೆಯೊಡತಿ ತನ್ನ ಹೊದಿಕೆಯನ್ನು ನನ್ನ ತಲೆಯ ಮೇಲಿಂದ ಹೊದಿಸಿದಳು. ಕೆಂಪು ನೀಲಿ ಹೂವಿನ ಅಚ್ಚಿನ ಬಟ್ಟೆ. ಇದು ನಿಮ್ಮ ಹಿಂದ್‌ನಿಂದಲೇ ಬರುತ್ತದೆ ಎಂದು ಕೈಸನ್ನೆಯಲ್ಲಿ ಹೇಳಿದಳು. ಜೋಳದ ರೊಟ್ಟಿಯ ಬುತ್ತಿ ಕಟ್ಟಿದಳು. ಹೆಲ್ಗಾ ಮಲಗಿದಲ್ಲಿಂದಲೇ ತನ್ನ ಕ್ಯಾಮೆರಾ ಕೇಳಿ ತೆಗೆದುಕೊಂಡು, ಬಾಗಿಲಲ್ಲಿ ನಿಂತಿದ್ದ ನನ್ನ ಚಿತ್ರವೊಂದನ್ನು ತೆಗೆದಳು. ಆಮೇಲೆ ಕ್ಯಾಮೆರಾವನ್ನು ನನಗೆ ಕೊಟ್ಟಳು.

"ದಾರಿಯನ್ನು ನನಗೆ ತಂದುಕೊಡು" ಎಂದಳು.

ನಾನು ಹೊರಟೆ. ಒಡತಿ ಮಾಳಿಗೆ ಹತ್ತಿ, ಎದುರಿನ ಬೆಟ್ಟದ ಕಡೆಗೆ ಅಂಗೈ ಅಡ್ಡ ಹಿಡಿದು ಕೂಗಿದಳು. ಅದರಲ್ಲಿ ನನಗೆ ತಿಳಿದದ್ದು ಎರಡೇ ಮಾತು. ಬಿಂತ್ ಅಲ್ ಹಿಂದ್. ಹಿಂದ್‌ನ ಮಗಳು. ಆಚೆ ಮಾಳಿಗೆಯಿಂದ ಇನ್ನೊಂದು ದನಿ ಅದನ್ನು ಎತ್ತಿಕೊಂಡಿತು. ನಾನು ಬೆಟ್ಟ ಸುತ್ತಿ ಆ ಊರು ಮುಟ್ಟುವಾಗ ನನ್ನ ಸುದ್ದಿ ಅದರಾಚೆಯ ಊರನ್ನು ಮುಟ್ಟಿರುತ್ತಿತ್ತು. ದಾರಿಯಲ್ಲಿ ನನ್ನ ಜೊತೆ ಯಾರೂ ಇರಲಿಲ್ಲ, ಆದರೆ ಪ್ರತಿ ತಿರುವಿನಲ್ಲೂ ಯಾರೋ ಒಬ್ಬ ಹೆಂಗಸು ಮಾಳಿಗೆಯ ಅಂಚಿನಲ್ಲಿ ನಿಂತು, ನಾನು ಕಣ್ಣಿಗೆ ಮರೆಯಾಗುವವರೆಗೆ ನೋಡುತ್ತಿದ್ದಳು. ಕತ್ತಲಾದ ಊರಲ್ಲಿ ನನ್ನನ್ನು ಹೆಂಗಸರ ಕೋಣೆಯಲ್ಲಿ ಮಲಗಿಸಿಕೊಂಡರು, ಬೆಳಗಾದರೆ ಮತ್ತೆ ಕೂಗಿ ಮುಂದಕ್ಕೆ ಕಳಿಸಿದರು. ನಾನು ಔಷಧ ತಂದೆ. ಹಿಂದಿರುಗುವಾಗ ವ್ಯಾಪಾರಿಗಳ ಹೇಸರಗತ್ತೆ ಸಿಕ್ಕಿತು. ಹೆಲ್ಗಾ ನನ್ನ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಅತ್ತಳು.

ಅದಾಗಿ ಅರ್ಧ ವರ್ಷಕ್ಕೆ ಆ ಚಳಿಗಾಲ. ಅರಬ್ ದೇಶವೆಂದರೆ ಎಲ್ಲರೂ ಕಿವಿ ನಿಮಿರಿಸುತ್ತಿದ್ದ ಕಾಲ. ಊರೂರಿನ ಸಭಾಂಗಣಗಳಲ್ಲಿ ಸ್ಲೈಡು ತೋರಿಸಿ ಉಪನ್ಯಾಸ ಕೊಡುವ ಪದ್ಧತಿ ಇಲ್ಲಿ ಜೋರಾಗಿತ್ತು. ಹೆಲ್ಗಾಳಿಗೂ ಕರೆ ಬಂದಿತು. ಕಾರಿಲ್ಲದ ಭಾನುವಾರಗಳಲ್ಲಿ ನಾವು ಅವಳ ಅಡುಗೆಮನೆಯ ಮೇಜಿನ ಮೇಲೆ ಫಿಲ್ಮನ್ನು ಕತ್ತರಿಸಿ ಗಾಜಿನ ಚೌಕಟ್ಟುಗಳಲ್ಲಿ ಕೂರಿಸುತ್ತಿದ್ದೆವು. ಮೃದುವಾದ ಕುಂಚದಿಂದ ಧೂಳು ಒರೆಸುವುದು, ಬೆರಳಿನ ಗುರುತು ಬೀಳದಂತೆ ಅಂಚು ಹಿಡಿಯುವುದು, ಇದು ನನ್ನ ಕೆಲಸ. ಲ್ಯಾಬಿನ ಕೈ. ಒಂದೊಂದನ್ನೂ ಪ್ರೊಜೆಕ್ಟರಿಗೆ ಹಾಕಿ ಪರೀಕ್ಷಿಸುವುದು ಅವಳ ಕೆಲಸ. ನಾನು ನಡೆದ ದಾರಿಯ ಚಿತ್ರ ಗೋಡೆಯ ಮೇಲೆ ಬಂದಾಗಲೆಲ್ಲ ಅವಳು ಕೈಯಲ್ಲಿದ್ದುದನ್ನು ಕೆಳಗಿಡುತ್ತಿದ್ದಳು.

"ಇದು ಎಲ್ಲಿ? ಹೇಳು."

ನಾನು ಹೇಳುತ್ತಿದ್ದೆ.

"ಮುಂದೆ? ಆ ರೊಟ್ಟಿ ಹೇಗಿತ್ತು?"

"ನಮ್ಮ ಮನೆಯ ರೊಟ್ಟಿಯ ಹಾಗೆ. ಬುತ್ತಿ ಬಿಚ್ಚಿದಾಗ ಒಂದು ಕ್ಷಣ ಎಲ್ಲಿದ್ದೇನೆಂದು ಮರೆತೆ."

"ಹೆದರಿಕೆ ಆಗಲಿಲ್ಲವಾ?"

"ಹೆದರಿಕೆಯಲ್ಲ, ಸಂಕೋಚ. ನನ್ನನ್ನು ಯಾರಾದರೂ ನೋಡುತ್ತಿದ್ದರೆ ನನಗೆ ಕಾಲು ತೊಡರುತ್ತದೆ. ಅಲ್ಲಿ ಬೆಟ್ಟದ ತುಂಬ ಕಣ್ಣು. ಎರಡನೆಯ ದಿನ ಮಾತ್ರ, ಅವರು ನೋಡುತ್ತಿರುವುದಲ್ಲ, ಕಾಯುತ್ತಿರುವುದು ಅಂತ ತಿಳಿಯಿತು."

"ಎಷ್ಟು ಚೆನ್ನಾಗಿ ಹೇಳುತ್ತೀಯ" ಎಂದಳು. ನಾನು ಚೆನ್ನಾಗಿ ಮಾತಾಡುತ್ತೇನೆಂದು ನನಗೆ ಯಾರೂ ಹೇಳಿರಲಿಲ್ಲ. ಮುಂದಿನ ಭಾನುವಾರ ಹೇಳಿದ್ದನ್ನೇ ಇನ್ನೊಮ್ಮೆ ಕೇಳಿದಳು, ಇನ್ನೂ ಬಿಡಿಸಿ ಹೇಳಿದೆ. ವಾರವಿಡೀ ಪ್ರಯೋಗದ ನಡುವೆ, ಈ ಸಲ ಯಾವುದನ್ನು ಹೇಳಲಿ ಎಂದು ಯೋಚಿಸುತ್ತಿದ್ದೆ.

ಒಂದೇ ಒಂದು ಬೇಡಿಕೆ ಇಟ್ಟಿದ್ದೆ. ಸಭೆಯಲ್ಲಿ ನನ್ನ ಹೆಸರು ಹೇಳಬೇಡ ಎಂದು. ಕರ್ನಾಟಕದವರು ಆಗ ಇಲ್ಲಿ ಬೆರಳೆಣಿಕೆಯಷ್ಟು ಮಂದಿ. ಒಂದು ಊರಲ್ಲಿ ಆಡಿದ್ದು ವಾರದಲ್ಲಿ ಗುಲಬರ್ಗಾ ತಲುಪುತ್ತಿತ್ತು.

"ನಿನ್ನ ಹೆಸರು ಎಲ್ಲೂ ಬರುವುದಿಲ್ಲ. ಮಾತು ಕೊಡುತ್ತೇನೆ" ಎಂದಳು ಹೆಲ್ಗಾ.

ಜನವರಿಯಲ್ಲಿ ಸಂಕ್ರಾಂತಿಗೆ ನ್ಯೂರೆಂಬರ್ಗಿನ ಸುಶೀಲಕ್ಕ ಕರೆದಿದ್ದರು. ಅವರ ಗಂಡ ಡಾಕ್ಟರ್ ರಾವ್ ಇಲ್ಲಿನ ಆಸ್ಪತ್ರೆಯೊಂದರಲ್ಲಿದ್ದರು. ಇಬ್ಬರೂ ಮೈಸೂರಿನವರು, ಆದರೆ ಮೊದಲು ಗುಲಬರ್ಗಾದಲ್ಲಿ ನಮ್ಮ ಓಣಿಯಲ್ಲೇ ಬಾಡಿಗೆಗಿದ್ದರು. ನಮ್ಮಮ್ಮನಿಗೂ ಸುಶೀಲಕ್ಕನಿಗೂ ಪತ್ರವ್ಯವಹಾರ ನಿಂತಿರಲಿಲ್ಲ. ನಾನು ಹೋದಾಗ ಸುಶೀಲಕ್ಕ ಕೊಬ್ಬರಿ ಹೆಚ್ಚುತ್ತಿದ್ದರು.

"ಬಾರೇ ವತ್ಸಲಾ. ಈ ದೇಶದಲ್ಲಿ ಬೆಲ್ಲ ಸಿಗ್ಲಿಲ್ಲ, ಬ್ರೌನ್ ಶುಗರ್ ಹಾಕಿದೀನಿ. ನಿಂಗೆ ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡು ಅನ್ನೋದು ಹೇಗೋ. ನೀನು ಮಾತೇ ಆಡಲ್ಲ."

"ಆಡ್ತೀನ್ರೀ ಅಕ್ಕಾ, ಆಗಾಗ."

"ಸಾಯಂಕಾಲ ಒಂದು ಫೋರ್ತ್ರಾಗ್ ಇದೆ, ಉಪನ್ಯಾಸ. ಪಕ್ಕದ್ಮನೆಯವರು ಟಿಕೆಟ್ ಕೊಟ್ಟಿದಾರೆ. ಯಾರೋ ಹೆಂಗಸು, ಒಬ್ಳೇ ಅರಬ್ಬರ ಬೆಟ್ಟ ಎಲ್ಲಾ ಸುತ್ಕೊಂಡು ಬಂದಿದಾಳಂತೆ."

ರಾವ್ ಪತ್ರಿಕೆಯ ಹಿಂದಿನಿಂದ ಹೇಳಿದರು. "ಬರೋವಾಗ ಒಂದು ಕ್ಯಾನ್ ಪೆಟ್ರೋಲ್ ತಂದ್ಳಾ ಕೇಳು."

ಸಭಾಂಗಣದ ಬಾಗಿಲಲ್ಲಿ ಪೋಸ್ಟರ್ ಇತ್ತು. ಹೆಲ್ಗಾಳ ಹೆಸರು. ಅದರ ಮೇಲೆ, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ, ಒಬ್ಬಂಟಿಯಾಗಿ ಎಂಬ ಜರ್ಮನ್ ಮಾತು. ಮೊದಲ ಸಭೆ ಫೆಬ್ರವರಿಯಲ್ಲಿ, ಡಾರ್ಮ್‌ಸ್ಟಾಟ್‌ನಲ್ಲೇ ಎಂದು ಅವಳು ನನಗೆ ಹೇಳಿದ್ದಳು. ಒಬ್ಬಂಟಿ ಎಂಬುದು ಸಭೆ ಏರ್ಪಡಿಸಿದವರ ಜಾಹೀರಾತಿನ ಬುದ್ಧಿಯಿರಬೇಕು ಎಂದುಕೊಂಡು ಹಿಂದಿನ ಸಾಲಿನಲ್ಲಿ ಕೂತೆ.

ದೀಪ ಆರಿತು. ನಾನು ಒರೆಸಿದ ಗಾಜುಗಳು ಒಂದೊಂದಾಗಿ ಪರದೆಯ ಮೇಲೆ ಬಂದವು. ಧೂಳಿನ ಒಂದು ಕಣವೂ ಇರಲಿಲ್ಲ. ಹೆಲ್ಗಾ ಚೆನ್ನಾಗಿ ಮಾತಾಡಿದಳು. ತಾನು ತಂಗಿದ್ದ ಎತ್ತರದ ಹಳ್ಳಿಯಲ್ಲಿ ಮನೆಯೊಡತಿಯ ಕೂಸಿಗೆ ಕಾಯಿಲೆಯಾಯಿತು, ಗಂಡಸರಿಲ್ಲದ ಊರು, ಔಷಧ ತರಲು ತಾನೊಬ್ಬಳೇ ಹೊರಟೆ ಎಂದಳು. ಆ ಮನೆಯಲ್ಲಿ ಕೂಸೇ ಇರಲಿಲ್ಲ. ಬಾಗಿಲಲ್ಲಿ ಹೂವಿನ ಹೊದಿಕೆ ಹೊದ್ದು, ಬೆನ್ನು ತಿರುಗಿಸಿ ನಿಂತಿದ್ದ ನಾನು ಪರದೆಯ ಮೇಲೆ ಬಂದೆ.

"ಇವಳು ಆ ತಾಯಿ" ಎಂದಳು ಹೆಲ್ಗಾ. "ನನ್ನನ್ನು ಬೀಳ್ಕೊಡಲು ಬಾಗಿಲವರೆಗೆ ಬಂದಳು."

"ಪಾಪ, ನಿಂತಿರೋ ರೀತಿ ನೋಡು" ಎಂದರು ಸುಶೀಲಕ್ಕ ನನ್ನ ಕಿವಿಯಲ್ಲಿ.

ಆಮೇಲೆ ದಾರಿ. ಬುತ್ತಿಯ ರೊಟ್ಟಿ ಅವಳ ಅಜ್ಜಿ ಸುಡುತ್ತಿದ್ದ ಬ್ರೆಡ್ಡಿನ ಹಾಗಿತ್ತು, ಒಂದು ಕ್ಷಣ ಎಲ್ಲಿದ್ದೇನೆಂದು ಮರೆತಳು. ಮಾಳಿಗೆಯಿಂದ ಮಾಳಿಗೆಗೆ ಕೂಗು ಹೋಯಿತು. ಹೆಲ್ಗಾ ಅಂಗೈ ಅಡ್ಡ ಹಿಡಿದು, ನಾನು ಅವಳ ಅಡುಗೆಮನೆಯಲ್ಲಿ ಕೂಗಿ ತೋರಿಸಿದ ಧಾಟಿಯಲ್ಲೇ ಕೂಗಿದಳು. ಬಿಂತ್ ಅಲ್ಮಾನಿಯಾ. ಜರ್ಮನಿಯ ಮಗಳು.

"ಧೈರ್ಯ ಅಂದ್ರೆ ಇದು ಕಣೇ" ಎಂದರು ಸುಶೀಲಕ್ಕ. "ನಮ್ಮ ಹುಡ್ಗೀರಿಗೆ ಫ್ರಾಂಕ್‌ಫರ್ಟ್ ಟ್ರೈನ್ ಹತ್ತೋಕೆ ಜೊತೆ ಬೇಕು. ನಿನ್ನನ್ನೇ ನೋಡು."

ಕೊನೆಯಲ್ಲಿ ಮುದುಕರೊಬ್ಬರು ಎದ್ದು, ಹೆದರಿಕೆಯಾಗಲಿಲ್ಲವೇ ಎಂದು ಕೇಳಿದರು. ಹೆಲ್ಗಾ ಸ್ವಲ್ಪ ತಡೆದು, ಆಗಷ್ಟೇ ಹೊಳೆದವಳಂತೆ ಹೇಳಿದಳು. ಹೆದರಿಕೆಯಲ್ಲ, ಸಂಕೋಚ. ಯಾರಾದರೂ ನೋಡುತ್ತಿದ್ದರೆ ನನಗೆ ಕಾಲು ತೊಡರುತ್ತದೆ. ಎರಡನೆಯ ದಿನ ಮಾತ್ರ, ಅವರು ನೋಡುತ್ತಿರುವುದಲ್ಲ, ಕಾಯುತ್ತಿರುವುದು ಅಂತ ತಿಳಿಯಿತು. ಇಡೀ ಸಭಾಂಗಣ ತನ್ನನ್ನು ನೋಡುತ್ತಿರುವಾಗ, ಬೆಳಕಿನ ನಡುವೆ ನೆಟ್ಟಗೆ ನಿಂತು ಅವಳು ಅದನ್ನು ಹೇಳಿದಳು. ಜನ ಎದ್ದು ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿ ಸುಶೀಲಕ್ಕನೂ.

ದೀಪ ಹತ್ತಿದ ಮೇಲೆ ಅವಳು ನನ್ನನ್ನು ನೋಡಿದಳು. ಮುಖ ಒಂದು ಗಳಿಗೆ ನಿಂತಿತು, ಆಮೇಲೆ ನಗುತ್ತ ನಮ್ಮ ಕಡೆಗೇ ಬಂದಳು. ಸುಶೀಲಕ್ಕನ ಕೈ ಕುಲುಕಿ, ನನ್ನ ಭುಜದ ಮೇಲೆ ಕೈಯಿಟ್ಟಳು.

"ಫ್ರೊಯ್ಲೈನ್ ಕುಲಕರ್ಣಿ ನಮ್ಮ ಕಟ್ಟಡದವರು. ಸ್ಲೈಡುಗಳನ್ನು ಚೌಕಟ್ಟಿಗೆ ಕೂರಿಸಲು ತುಂಬ ಸಹಾಯ ಮಾಡಿದರು." ನನ್ನ ಕಡೆ ತಿರುಗಿ ಕೇಳಿದಳು. "ನೀವು ಬರುತ್ತೀರೆಂದು ಹೇಳಲೇ ಇಲ್ಲವಲ್ಲ?"

ನೀವು. ಸುಶೀಲಕ್ಕ ಕೋಟು ತರಲು ಹೋದಾಗ ನಾನು ಅವಳನ್ನು ಕಂಬದ ಬದಿಗೆ ಕರೆದೆ.

"ಹೆಸರು ಬಿಡು ಅಂದಿದ್ದೆ. ನನ್ನನ್ನೇ ಬಿಡು ಅಂದಿರಲಿಲ್ಲ."

ಅವಳು ದನಿ ತಗ್ಗಿಸಿದಳು. "ಹೆಸರಿಲ್ಲದ ಒಬ್ಬಳನ್ನು ಕತೆಯಲ್ಲಿ ಎಲ್ಲಿ ಇಡಲಿ? ಯೋಚಿಸು. ಇಬ್ಬರು ಹೆಂಗಸರು ಹೋಗಿದ್ದರು ಅಂದರೆ ಈ ಕುರ್ಚಿಗಳು ತುಂಬುವುದಿಲ್ಲ. ಒಬ್ಬಳು ಅಂದರೆ ತುಂಬುತ್ತವೆ."

"ಆ ಒಬ್ಬಳು ನೀನಲ್ಲ."

"ನೀನು ಯಾರಿಗೂ ಹೇಳುತ್ತಿರಲಿಲ್ಲ, ವತ್ಸಲಾ. ಅದನ್ನು ನಿನ್ನ ಕೋಣೆಯಲ್ಲಿಟ್ಟು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಇವತ್ತು ಇಷ್ಟು ಜನ ಕೇಳಿದರು. ನಿನಗೆ ಸಂತೋಷವಾಗುವುದಿಲ್ಲವಾ?"

ಅವಳು ನಿಜವಾಗಿಯೂ ಕೇಳುತ್ತಿದ್ದಳು. ಯಾರೋ ಬಂದು ಅವಳ ಸಹಿ ಕೇಳಿದರು. ಅವಳು ಆ ಕಡೆ ತಿರುಗಿದಳು.

ಮಾರನೆಯ ಬೆಳಗ್ಗೆ, ರಾವ್ ಆಸ್ಪತ್ರೆಗೆ ಹೋದ ಮೇಲೆ, ಸುಶೀಲಕ್ಕ ದೋಸೆ ಹುಯ್ಯುತ್ತಿದ್ದರು. ನಾನು ಅವರ ಬೆನ್ನ ಹಿಂದೆ ನಿಂತು ಹೇಳಲು ಶುರುಮಾಡಿದೆ. ಯೆಮನಿಗೆ ಹೋದದ್ದು ನಾವಿಬ್ಬರೂ, ಕಾಯಿಲೆ ಬಿದ್ದವಳು ಹೆಲ್ಗಾ, ನಡೆದವಳು ನಾನು. ಹೊದಿಕೆ, ಬುತ್ತಿ, ಕೂಗು, ಎಲ್ಲವನ್ನೂ ಹೇಳಿದೆ. ಜೀವನದಲ್ಲಿ ಅಷ್ಟು ಹೊತ್ತು ಒಂದೇ ಸಮನೆ ಮಾತಾಡಿದ್ದು ಅದೇ ಮೊದಲು. ನಡುವೆ ಎಲ್ಲೋ ನನಗೇ ಕೇಳಿಸತೊಡಗಿತು. ನಾನು ಹೇಳುತ್ತಿದ್ದ ಪ್ರತಿಯೊಂದು ಮಾತೂ ನಿನ್ನೆ ಸಂಜೆ ಆ ಸಭಾಂಗಣದಲ್ಲಿ ಆಡಿಯಾಗಿತ್ತು.

ಸುಶೀಲಕ್ಕ ಒಲೆ ಆರಿಸಿ ತಿರುಗಿದರು. ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿದರು.

"ಇದನ್ನೇ ಅಲ್ವೇನೇ ನಿನ್ನೆ ಅವಳು ಹೇಳಿದ್ದು?"

"ಅದು ನಂದು ರೀ ಅಕ್ಕಾ. ನಾನೇ ಆಕಿಗೆ ಹೇಳಿದ್ದು."

"ನೀನು ರಜದಲ್ಲಿ ಲ್ಯಾಬಲ್ಲಿದ್ದೆ ಅಂತ ನಿಮ್ಮಮ್ಮ ನಂಗೆ ಬರೆದಿದ್ರಲ್ಲ. ಹುಡುಗಿ ರಜಾನೂ ತಗೊಳ್ದೆ ದುಡೀತಿದಾಳೆ, ಊಟ ತಿಂಡಿ ವಿಚಾರಿಸ್ಕೋ ಅಂತ." ಅವರು ಕೈ ಒರೆಸಿಕೊಂಡು ನನ್ನ ಹಣೆ ಮುಟ್ಟಿ ನೋಡಿದರು. ದನಿ ಮೆತ್ತಗಾಯಿತು. "ಒಬ್ಬೊಬ್ಳೇ ಇರ್ತೀಯ. ಇಲ್ಲಿ ಚಳಿಗಾಲದಲ್ಲಿ ಸೂರ್ಯನೇ ಕಾಣಲ್ಲ, ನಮ್ಮೋರು ಎಷ್ಟೋ ಜನಕ್ಕೆ ಹೀಗೆ ಮನಸ್ಸು ಒಂಥರಾ ಆಗತ್ತೆ ಅಂತಾರೆ ಇವ್ರು. ಇನ್ನೆರಡು ದಿನ ಇದ್ದು ಹೋಗು."

ಹೆಲ್ಗಾಳಿಗೆ ಹೇಳದೆ ಉಳಿಸಿಕೊಂಡದ್ದು ಒಂದಿತ್ತು. ಪೇಟೆಗೆ ಮುಂಚಿನ ಕೊನೆಯ ಊರಲ್ಲಿ ಒಬ್ಬ ಮುದುಕಿ ಮಾಳಿಗೆಯಿಂದ ಬಗ್ಗಿ, ನಿನ್ನವರು ಹೇಗೆ ಕಳಿಸಿದರು ಎಂದು ಕೇಳಿದಳು. ಗೊತ್ತಿದ್ದ ನಾಲ್ಕು ಮಾತು ಕೂಡಿಸಿ, ಅವರಿಗೆ ಗೊತ್ತಿಲ್ಲ ಎಂದೆ. ಮುದುಕಿ ಎದುರು ಬೆಟ್ಟಕ್ಕೆ ಕೂಗಲು ಎತ್ತಿದ್ದ ಕೈಯನ್ನು ಇಳಿಸಿದಳು. ಕೂಗಲಿಲ್ಲ. ಹೋಗು, ನಾನೂ ಹೇಳುವುದಿಲ್ಲ ಎಂಬಂತೆ ತಲೆಯಾಡಿಸಿದಳು. ಅಲ್ಲಿಂದ ಪೇಟೆಯವರೆಗೆ ನಾನು ಎಲ್ಲಿದ್ದೇನೆಂಬುದು ಲೋಕದಲ್ಲಿ ಅವಳೊಬ್ಬಳಿಗೆ ಬಿಟ್ಟು ಯಾರಿಗೂ ತಿಳಿದಿರಲಿಲ್ಲ. ಇದನ್ನು ಹೇಳಿದ್ದರೆ ಸುಶೀಲಕ್ಕ ನಂಬುತ್ತಿದ್ದರೇನೋ. ಆದರೆ ಆ ಅಡುಗೆಮನೆಯಲ್ಲಿ, ಅವರ ಅಂಗೈ ನನ್ನ ಹಣೆಯ ಮೇಲಿರುವಾಗ, ನಂಬಿಕೆ ಗಿಟ್ಟಿಸಲು ಅದನ್ನು ತೆಗೆದು ಕೊಡುವುದು ನನ್ನಿಂದಾಗಲಿಲ್ಲ.

"ಹೌದ್ರೀ ಅಕ್ಕಾ" ಎಂದೆ. "ಲ್ಯಾಬಿನ್ಯಾಗೇ ಇದ್ದೆ."

ಅಪ್ಪನ ಪತ್ರ ಬಂದದ್ದು ಯುಗಾದಿಯ ಹೊತ್ತಿಗೆ. ಮನೆಯ ಸುದ್ದಿ ಮುಗಿದ ಮೇಲೆ ಹೀಗೆ ಬರೆದಿದ್ದರು. "ಸುಶೀಲಾಬಾಯಿ ನಿಮ್ಮ ಅವ್ವಗ ಬರದಾರ. ಯಾರೋ ಜರ್ಮನ್ ಹೆಣ್ಣುಮಗಳು ಒಬ್ಬಾಕಿನೇ ಯೆಮನದ ಗುಡ್ಡ ದಾಟಿ, ಪರರ ಕೂಸಿಗೆ ದವಾ ತಂದು ಉಳಿಸಿದಳಂತ. ನೀನೂ ಹೋಗಿ ಕೇಳಿದಿಯಂತ. ಆ ಪತ್ರ ಬಾರ್ ರೂಮಿನ್ಯಾಗ ವಕೀಲರಿಗೆಲ್ಲಾ ಓದಿ ಹೇಳಿದೆ. ಅಂಥಾ ಮಗಳನ್ನ ಹಡೆದ ತಂದಿ ಪುಣ್ಯವಂತ. ಆಕಿ ನಿನಗೇನರ ಗುರುತೇನು?"

ವಾರ ಬಿಟ್ಟು ಉತ್ತರ ಬರೆದೆ. ಇಲ್ಲಿ ಚಳಿ ಇಳಿಯುತ್ತಿದೆ, ಪ್ರಯೋಗ ಒಂದು ಹಂತಕ್ಕೆ ಬಂದಿದೆ ಎಂದೆ. ಗುರುತು ಇದೆ, ನಮ್ಮ ಕಟ್ಟಡದಲ್ಲೇ ಇರುತ್ತಾಳೆ ಎಂದು ಬರೆದು ಲಕೋಟೆಗೆ ಅಂಟು ಹಚ್ಚಿದೆ.